ಹಲಾಲ್ ಸರಿ, ತಯ್ಯಿಬ್ ಎಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. ಕಡು ಬೇಸಿಗೆಯಲ್ಲಿ ಚೋರನೂರು ಹೋಬಳಿಯ ಒಂದು ಹಳ್ಳಿಯಲ್ಲಿ ನಮ್ಮ ಸಂಬಂಧಿಕರ ವಲೀಮಾ ಇತ್ತು. ಫಜ್ರ್‌ಗೆ ಮೊದಲೇ ದೇಗ್ ಏರಿಸಿ, ಎಂಟು ಗಂಟೆಗೆಲ್ಲ ಖುಷ್ಕಾ ಇಳಿಸಿದ್ದರು. ಬೀಗರ ಬಸ್ಸು ತಡವಾಯಿತು. ಜುಹರ್ ನಮಾಝ್ ಮುಗಿದು ದಸ್ತರ್‌ಖಾನ್ ಹಾಸುವಾಗ ಮೂರು ಗಂಟೆ ಆಗಿತ್ತು. ಶಾಮಿಯಾನದ ಕೆಳಗೆ, ಅರ್ಧ ಮುಚ್ಚಿದ ದೇಗ್‌ನಲ್ಲಿ ಅನ್ನ ಏಳು ಗಂಟೆ ಕಾಲ ಉಗುರುಬೆಚ್ಚಗೆ ಕುಳಿತಿತ್ತು. ಅಂದು ರಾತ್ರಿ ಹಲವರಿಗೆ ವಾಂತಿ, ಭೇದಿ ಶುರುವಾಯಿತು. ವಯಸ್ಸಾದ ನಮ್ಮ ಖಾಲಾ ಅವರನ್ನು ಬೆಳಗಿನ ಜಾವ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ದಿನ ಗ್ಲುಕೋಸ್ ಹಾಕಿದರು. ಅಲ್ಲಾಹನ ಕೃಪೆಯಿಂದ ಉಳಿದುಕೊಂಡರು. ಮನೆಗೆ ಬಂದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಹಲಾಲ್ ಮಾಡಿದ ಕುರೀನೇ ಅಲ್ಲೇನು ಬೇಟಾ? ಬಿಸ್ಮಿಲ್ಲಾ ಅಂತ ಹೇಳೇ ಉಂಡೀವಿ. ಮತ್ತ ರೋಗ ಹೆಂಗ ಬಂತು?"

ವೈದ್ಯಕೀಯವಾಗಿ ಈ ಪ್ರಶ್ನೆಗೆ ಉತ್ತರ ಸುಲಭ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅವು ಕುದಿಸಿದರೂ ಸಾಯುವುದಿಲ್ಲ. ಅನ್ನ 60 ಡಿಗ್ರಿಗಿಂತ ಕೆಳಗೆ ಇಳಿದು ಗಂಟೆಗಟ್ಟಲೆ ಹಾಗೆಯೇ ಉಳಿದರೆ ಅವು ಚಿಗುರಿ, ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಸೆಕೆ ಜಾಸ್ತಿ ಇರುವಾಗ ಒಂದು ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ನಮ್ಮ ಬಳ್ಳಾರಿ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ.

ಆದರೆ ಖಾಲಾ ಕೇಳಿದ್ದು ಬ್ಯಾಕ್ಟೀರಿಯಾದ ಪ್ರಶ್ನೆಯಲ್ಲ, ದೀನಿನ ಪ್ರಶ್ನೆ. ಹಲಾಲ್ ಎಂದ ಮೇಲೆ ಎಲ್ಲವೂ ಮುಗಿಯಿತು ಎಂದು ಅವರಿಗೆ ನಾವೇ ಕಲಿಸಿದ್ದೇವೆ. ಹೋಟೆಲಿಗೆ ಹೋದರೂ ಅಂಗಡಿಗೆ ಹೋದರೂ "ಹಲಾಲ್ ತಾನೇ?" ಎಂದು ಕೇಳುತ್ತೇವೆ. "ಹೌದು" ಎಂದರೆ ನಮ್ಮ ವಿಚಾರಣೆ ಅಲ್ಲಿಗೆ ನಿಲ್ಲುತ್ತದೆ. ಪವಿತ್ರ ಕುರ್‌ಆನ್ ಮಾತ್ರ ಅಲ್ಲಿಗೆ ನಿಲ್ಲಿಸಿಲ್ಲ. ಸೂರಃ ಅಲ್ ಬಕರದ 168ನೆಯ ಸೂಕ್ತದಲ್ಲಿ ಅಲ್ಲಾಹನು ಸಮಸ್ತ ಮನುಷ್ಯರನ್ನು ಕರೆದು ಆಹಾರದ ಬಗ್ಗೆ ಆಜ್ಞೆ ನೀಡುವಾಗ ಎರಡು ಪದಗಳನ್ನು ಜೊತೆಗೇ ಬಳಸಿದ್ದಾನೆ: ಹಲಾಲ್ ಮತ್ತು ತಯ್ಯಿಬ್. ಅಲ್ ಮಾಇದಃ, ಅಲ್ ಅನ್‌ಫಾಲ್, ಅನ್ನಹ್ಲ್ ಅಧ್ಯಾಯಗಳಲ್ಲಿಯೂ ಇದೇ ಜೋಡಿ ಬರುತ್ತದೆ. ಒಟ್ಟು ನಾಲ್ಕು ಕಡೆ. ತಯ್ಯಿಬ್ ಎಂದರೆ ಶುದ್ಧವಾದದ್ದು, ಒಳ್ಳೆಯದು, ದೇಹಕ್ಕೂ ಮನಸ್ಸಿಗೂ ಹಿತವಾದದ್ದು. ಮೊದಲ ಪದವನ್ನು ನಾವು ಬೋರ್ಡಿನ ಮೇಲೆ ಬರೆದೆವು. ಎರಡನೆಯದನ್ನು ಮರೆತೆವು.

ಈ ಮರೆವು ಎಷ್ಟು ದೊಡ್ಡದು ಎಂದು ತಿಳಿಯಲು ಆಹಾರದ ವಿಷಯದಲ್ಲಿ ನಮಗಿಂತಲೂ ಬಿಗಿಯಾದ ನಿಯಮಗಳಿರುವ ಇನ್ನೊಂದು ಗ್ರಂಥದವರ ಸಮುದಾಯವನ್ನು ನೋಡುವುದು ಒಳ್ಳೆಯದು. ಅವರು ಯಹೂದಿಗಳು.

ಯಹೂದಿಗಳಿಂದ ನಾವು ಕಲಿಯಬೇಕೇ?

ಕೆಲವು ಓದುಗರಿಗೆ ಹುಬ್ಬು ಗಂಟಿಕ್ಕಬಹುದು. ಪ್ಯಾಲೆಸ್ತೀನಿನಲ್ಲಿ ನಡೆಯುತ್ತಿರುವ ಅನ್ಯಾಯ ನಮ್ಮೆಲ್ಲರ ಎದೆಯಲ್ಲಿದೆ. ಆದರೆ ಒಂದು ಸರಕಾರದ ದೌರ್ಜನ್ಯ ಬೇರೆ, ಮೂಸಾ(ಅ)ರ ಅನುಯಾಯಿಗಳೆಂದು ಹೇಳಿಕೊಳ್ಳುವ ಒಂದು ಸಮುದಾಯದ ಸಾವಿರಾರು ವರ್ಷಗಳ ಧಾರ್ಮಿಕ ಶಿಸ್ತು ಬೇರೆ. ಸೂರಃ ಅಲ್ ಮಾಇದದ 5ನೆಯ ಸೂಕ್ತವು ಗ್ರಂಥದವರ ಆಹಾರವನ್ನು ನಮಗೆ ಅನುಮತಿಸಿದೆ. ಪ್ರವಾದಿ ಮುಹಮ್ಮದ್(ಸ)ರು ಯಹೂದಿಯೊಬ್ಬರ ಶವಯಾತ್ರೆ ಹಾದುಹೋದಾಗ ಎದ್ದು ನಿಂತದ್ದು, ಅದು ಯಹೂದಿಯ ಶವವೆಂದು ಸಹಾಬಿಗಳು ತಿಳಿಸಿದಾಗ ಅದೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಉತ್ತರಿಸಿದ್ದು ಹದೀಸ್‌ನಲ್ಲಿ ದಾಖಲಾಗಿದೆ.

ಯಹೂದಿಗಳು ನಮಗೆ ತೀರಾ ದೂರದವರೂ ಅಲ್ಲ. ಚೋರನೂರಿನಿಂದ ಹೊಸಪೇಟೆ, ಹಂಪಿಯ ಕಡೆ ಹೋದವರು ಹಂಪಿಯಲ್ಲೂ ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲೂ ಹೀಬ್ರೂ ಲಿಪಿಯ ಬೋರ್ಡುಗಳನ್ನು ನೋಡಿರಬಹುದು. ಇಸ್ರೇಲಿ ಪ್ರವಾಸಿಗರಿಗಾಗಿ ಹಾಕಿದವು ಅವು. ಆ ಪ್ರವಾಸಿ ಯುವಕರೆಲ್ಲ ಧರ್ಮದ ಆಹಾರ ನಿಯಮ ಪಾಲಿಸುವವರೇನಲ್ಲ. ಆದರೆ ನಮ್ಮ ನೆರೆಯ ಕೊಂಕಣ ತೀರದಲ್ಲಿ ಶತಮಾನಗಳಿಂದ ಬಾಳಿದ ಬೆನೆ ಇಸ್ರಾಯೇಲ್ ಎಂಬ ಯಹೂದಿ ಸಮುದಾಯದ ಕಥೆ ಬೇರೆ. ಇವರು ಮರಾಠಿ ಮಾತಾಡುವ ಗಾಣಿಗರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿ ಎಂದು ಕರೆಯುತ್ತಿದ್ದರು. ಗ್ರಂಥ, ಗುರುಗಳ ಸಂಪರ್ಕ ಬಹುಕಾಲ ತಪ್ಪಿಹೋಗಿದ್ದ ಇವರನ್ನು ಡೇವಿಡ್ ರಹಾಬಿ ಎಂಬ ಯಹೂದಿ ಕಂಡು ಪರೀಕ್ಷಿಸಿದರೆಂದು ಅವರಲ್ಲೇ ಒಂದು ಕಥೆಯಿದೆ. ಹಲವು ಬಗೆಯ ಮೀನು ತಂದು ಅಡುಗೆ ಮಾಡಲು ಹೆಂಗಸರ ಕೈಗೆ ಕೊಟ್ಟರಂತೆ. ಅವರು ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನುಗಳನ್ನಷ್ಟೇ ಆರಿಸಿಕೊಂಡು ಉಳಿದವನ್ನು ಬದಿಗಿಟ್ಟರಂತೆ. ಇವರು ನಮ್ಮವರೇ ಎಂದು ರಹಾಬಿಗೆ ಅದರಿಂದ ಖಾತ್ರಿಯಾಯಿತಂತೆ. ಭಾಷೆ ಮರೆತರೂ ಗ್ರಂಥ ಕಳೆದರೂ ಅಡುಗೆಮನೆಯ ಹೆಂಗಸರ ಕೈಯಲ್ಲಿ ಧರ್ಮ ಉಳಿದಿತ್ತು ಎಂಬುದು ಆ ಕಥೆಯ ಸಾರ.

ಈ ಸಮುದಾಯದವರು ಪ್ರವಾದಿ ಇಲ್ಯಾಸ್(ಅ)ರ ನೆನಪಿನಲ್ಲಿ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಹಣ್ಣು ಸೇರಿಸಿ ಹಂಚುವ ನೈವೇದ್ಯದ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಆಶ್ಚರ್ಯವಾದೀತು. ಅದು ಮಲೀದಾ! ರೊಟ್ಟಿ ಪುಡಿ ಮಾಡಿ ಬೆಲ್ಲ, ತುಪ್ಪ ಬೆರೆಸಿ ಓದಿಕೆಗೆ ಇಡುವ ನಮ್ಮ ಮಲೀದಾದ ಹೆಸರೇ. ಇದೇ ಸಮುದಾಯದ ಡಾ. ಜೆರುಶಾ ಝಿರಾಡ್ 1890ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದರು. ಲಂಡನ್ನಿನಲ್ಲಿ ಓದಿ, ಹೆರಿಗೆ ತಜ್ಞೆಯಾಗಿ, ಮುಂಬೈನ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ ಎಲ್ಲ ಮತದ ತಾಯಂದಿರ ಸೇವೆ ಮಾಡಿದ ಅವರಿಗೆ 1966ರಲ್ಲಿ ಪದ್ಮಶ್ರೀ ಬಂತು.

ಕೋಶರ್ ಎಂದರೇನು?

ಕೋಶರ್ ಎಂಬ ಹೀಬ್ರೂ ಪದಕ್ಕೆ ಯೋಗ್ಯ, ತಕ್ಕದ್ದು ಎಂದು ಅರ್ಥ. ತೌರಾತಿನ ಆಜ್ಞೆಗಳೇ ಅದರ ಬುನಾದಿ. ಪ್ರಾಣಿಯ ಗೊರಸು ಸೀಳಿರಬೇಕು, ಅದು ಮೆಲುಕು ಹಾಕಬೇಕು. ಹಾಗಾಗಿ ಕುರಿ, ಮೇಕೆ, ಹಸು, ಜಿಂಕೆ ಸೇರುತ್ತವೆ. ಹಂದಿಯ ಗೊರಸು ಸೀಳಿದ್ದರೂ ಅದು ಮೆಲುಕು ಹಾಕುವುದಿಲ್ಲ. ಒಂಟೆ ಮತ್ತು ಮೊಲವೂ ಅವರಿಗೆ ನಿಷಿದ್ಧ. ನಮಗೆ ಒಂಟೆ ಹಲಾಲ್. ಸಿಗಡಿ, ಏಡಿ ಅವರಿಗೆ ಕೂಡದು. ನಮ್ಮಲ್ಲಿ ಕರಾವಳಿಯ ಶಾಫಿಗಳು ಸಿಗಡಿ ತಿನ್ನುತ್ತಾರೆ, ಹನಫಿ ವಿದ್ವಾಂಸರಲ್ಲಿ ಅದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಅವರಿಗೆ ದ್ರಾಕ್ಷಾರಸ ಧರ್ಮಸಮ್ಮತ, ನಮಗೆ ಮದ್ಯ ಹರಾಮ್. ಹೀಗೆ ಭೇದಗಳೂ ಇವೆ, ಹೋಲಿಕೆಗಳೂ ಇವೆ. ರಕ್ತ, ಸತ್ತ ಪ್ರಾಣಿ, ಹಂದಿಮಾಂಸ ಇಬ್ಬರಿಗೂ ನಿಷಿದ್ಧ.

ಇನ್ನು ಝಬಹ್. ಅವರಲ್ಲಿ ಪ್ರಾಣಿ ಕೊಯ್ಯುವವನನ್ನು ಶೋಹೆತ್ ಎನ್ನುತ್ತಾರೆ. ಅವನು ಕಲಿತವನಾಗಿರಬೇಕು, ಧರ್ಮಭೀರುವಾಗಿರಬೇಕು. ಕತ್ತಿ ಕ್ಷೌರದ ಕತ್ತಿಯಷ್ಟು ಹರಿತವಾಗಿರಬೇಕು, ಅಂಚಿನಲ್ಲಿ ಕೂದಲೆಳೆಯಷ್ಟೂ ಮುಕ್ಕು ಇರಬಾರದು. ಕೊಯ್ಯುವ ಮೊದಲು ಮತ್ತು ನಂತರ ಅಂಚನ್ನು ಉಗುರಿನ ಮೇಲೆ ಆಡಿಸಿ ಪರೀಕ್ಷಿಸುತ್ತಾನೆ. ನಂತರದ ಪರೀಕ್ಷೆಯಲ್ಲಿ ಮುಕ್ಕು ಕಂಡರೆ ಆ ಮಾಂಸ ಕೋಶರ್ ಅಲ್ಲ. ಕುರಿಯ ಬೆಲೆ ಹೋಯಿತು ಎಂದು ರಿಯಾಯಿತಿ ಇಲ್ಲ. ಕೊಯ್ದ ಮೇಲೆ ಶ್ವಾಸಕೋಶವನ್ನು ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ, ಎಲ್ಲಾದರೂ ಅಂಟಿಕೊಂಡಿದೆಯೇ, ತೂತಿದೆಯೇ ಎಂದು ತಪಾಸಣೆ ಮಾಡುತ್ತಾರೆ. ಪ್ರಾಣಾಂತಿಕ ಗಾಯ ಅಥವಾ ಅಂಗದೋಷ ಇದ್ದ ಪ್ರಾಣಿಯನ್ನು ಎಷ್ಟೇ ಸರಿಯಾಗಿ ಕೊಯ್ದರೂ ಅದು ತಿನ್ನಲು ಯೋಗ್ಯವಲ್ಲ. ಬಳಿಕ ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಹರಳುಪ್ಪಿನಲ್ಲಿಟ್ಟು, ಮೂರು ಸಲ ತೊಳೆಯುತ್ತಾರೆ. ಯಕೃತ್ತಿನಲ್ಲಿ ರಕ್ತ ಹೆಚ್ಚಿರುವುದರಿಂದ ಅದನ್ನು ನೇರ ಬೆಂಕಿಯ ಮೇಲೆ ಸುಡಬೇಕು.

ಇಲ್ಲಿಗೂ ಮುಗಿಯಲಿಲ್ಲ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಆಜ್ಞೆ ತೌರಾತಿನಲ್ಲಿ ಮೂರು ಬಾರಿ ಬರುತ್ತದೆ. ಆದ್ದರಿಂದ ಮಾಂಸ ಮತ್ತು ಹಾಲನ್ನು ಅವರು ಒಟ್ಟಿಗೆ ಉಣ್ಣುವುದಿಲ್ಲ. ಪಾತ್ರೆಗಳೂ ಬೇರೆ ಬೇರೆ. ಮಾಂಸ ಉಂಡ ಮೇಲೆ ಹಾಲು ಕುಡಿಯಲು ಹಲವು ಪಂಗಡದವರು ಆರು ಗಂಟೆ ಕಾಯುತ್ತಾರೆ. ತಾಯಿ ಪ್ರಾಣಿಯನ್ನೂ ಮರಿಯನ್ನೂ ಒಂದೇ ದಿನ ಕೊಯ್ಯಬಾರದು. ಮನೆಯ ದನಕರುಗಳಿಗೆ ಮೇವು ಹಾಕುವ ಮೊದಲು ಯಜಮಾನ ಉಣ್ಣಬಾರದು ಎಂದು ಅವರ ತಲ್ಮೂದ್ ಹೇಳುತ್ತದೆ. ನಮ್ಮ ಕಡೆಯ ಹಳೆಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಊಟವೇ ಒಂದು ಇಬಾದತ್

ಇಷ್ಟೆಲ್ಲ ಕಷ್ಟ ಏಕೆ? ಇದಕ್ಕೆ ಅವರ ವಿದ್ವಾಂಸರು ಕೊಡುವ ಉತ್ತರದಲ್ಲೇ ಊಟದ ಆಧ್ಯಾತ್ಮಿಕ ಅರ್ಥವಿದೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ಅವರ ಆರಾಧನಾಲಯವನ್ನು ಕೆಡವಿದರು. ಬಲಿಪೀಠ ಹೋಯಿತು. ಇನ್ನು ಪಾಪಪರಿಹಾರ ಹೇಗೆ ಎಂಬ ಪ್ರಶ್ನೆಗೆ, ಈಗ ಮನುಷ್ಯನ ಊಟದ ಮೇಜೇ ಬಲಿಪೀಠ, ಅಲ್ಲಿ ಅತಿಥಿಗೂ ಬಡವನಿಗೂ ಉಣಿಸುವುದೇ ಪ್ರಾಯಶ್ಚಿತ್ತ ಎಂದು ಅವರ ಗುರುಗಳು ಉತ್ತರಿಸಿದರು. ಹಾಗಾಗಿ ರೊಟ್ಟಿ ಮುರಿಯುವ ಮೊದಲು ಲೋಟದಿಂದ ನೀರು ಸುರಿದು ಕೈ ತೊಳೆಯುತ್ತಾರೆ. ಬಲಿಗೆ ಉಪ್ಪು ಹಾಕುತ್ತಿದ್ದ ನೆನಪಿಗೆ ರೊಟ್ಟಿಯನ್ನು ಉಪ್ಪಿಗೆ ಅದ್ದುತ್ತಾರೆ. ರೊಟ್ಟಿಗೊಂದು, ಮರದ ಹಣ್ಣಿಗೊಂದು, ನೆಲದ ಬೆಳೆಗೊಂದು ಸ್ತುತಿವಾಕ್ಯ ಹೇಳುತ್ತಾರೆ. ಉಂಡ ಮೇಲೆ ದೀರ್ಘವಾದ ಕೃತಜ್ಞತಾ ಪ್ರಾರ್ಥನೆ ಮಾಡುತ್ತಾರೆ.

ಹಸಿವು ಪ್ರಾಣಿಗೂ ಇದೆ, ಮನುಷ್ಯನಿಗೂ ಇದೆ. ಹಸಿವು ಮತ್ತು ತುತ್ತಿನ ನಡುವೆ ಒಂದು ಕ್ಷಣ ನಿಂತು, ಇದು ಯಾರದು, ಎಲ್ಲಿಂದ ಬಂತು, ನನಗೆ ಇದರ ಹಕ್ಕಿದೆಯೇ ಎಂದು ಕೇಳುವವನು ಮನುಷ್ಯ ಮಾತ್ರ. ದಿನಕ್ಕೆ ಮೂರು ಹೊತ್ತು ಹಾಗೆ ನಿಲ್ಲುವ ಅಭ್ಯಾಸವೇ ಕೋಶರ್. ನಮ್ಮ ಬಿಸ್ಮಿಲ್ಲಾ ಕೂಡ ಅದೇ. ಮನುಷ್ಯನು ತನ್ನ ಆಹಾರದ ಕಡೆಗೊಮ್ಮೆ ನೋಡಲಿ ಎಂದು ಸೂರಃ ಅಬಸ ನಮ್ಮನ್ನು ಎಚ್ಚರಿಸುತ್ತದೆ. ಜೀವಭಯದಿಂದ ಗುಹೆಯಲ್ಲಿ ಅಡಗಿದ್ದ ಅಸ್‌ಹಾಬುಲ್ ಕಹ್ಫ್‌ನ ಯುವಕರು ಪೇಟೆಗೆ ಒಬ್ಬನನ್ನು ಕಳಿಸುವಾಗಲೂ ಅತ್ಯಂತ ಶುದ್ಧವಾದ ಆಹಾರ ಯಾವುದೆಂದು ನೋಡಿ ತರಲು ಹೇಳಿದರು. ಪ್ರಾಣಕ್ಕೆ ಸಂಚಕಾರ ಇದ್ದಾಗಲೂ ಅವರು ಹಾಗೆ ಕೇಳಿದರು. ನಾವು ಶಾಮಿಯಾನದ ಕೆಳಗೆ ನಿರಾಳವಾಗಿ ಕುಳಿತಾಗಲೂ ಕೇಳುವುದಿಲ್ಲ.

ಹರಾಮ್ ಆದದ್ದು ರೋಗ ತರುತ್ತದೆ ಎಂದೇ?

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆರೋಗ್ಯದ ಪುಟಗಳಲ್ಲಿ ಹಂದಿಯಲ್ಲಿ ಹುಳುವಿದೆ, ಆದ್ದರಿಂದ ಹರಾಮ್, ಝಬಹ್ ಮಾಡಿದರೆ ರಕ್ತ ಹೋಗುತ್ತದೆ, ಆದ್ದರಿಂದ ಆರೋಗ್ಯಕರ ಎಂಬ ಲೇಖನಗಳನ್ನು ನಾವು ಬಹಳ ಓದಿದ್ದೇವೆ. ಯಹೂದಿಗಳಲ್ಲೂ ಈ ಚರ್ಚೆ ಹಳೆಯದು. ಕಾರ್ಡೋವಾದಲ್ಲಿ ಹುಟ್ಟಿ, ಕೈರೋದಲ್ಲಿ ಸುಲ್ತಾನ್ ಸಲಾಹುದ್ದೀನರ ಆಸ್ಥಾನದವರಿಗೆ ವೈದ್ಯರಾಗಿದ್ದ ಮೂಸಾ ಇಬ್ನ್ ಮೈಮೂನ್ (1138–1204) ನಿಷಿದ್ಧ ಆಹಾರಗಳು ದೇಹಕ್ಕೆ ಹಿತವಲ್ಲ ಎಂದೇ ವಿವರಿಸಿದರು. ಮುನ್ನೂರು ವರ್ಷಗಳ ನಂತರ ಇಸಾಕ್ ಅಬ್ರವನೆಲ್ (1437–1508) ಎಂಬ ವಿದ್ವಾಂಸ ಅದನ್ನು ಒಪ್ಪಲಿಲ್ಲ. ಹಂದಿ ತಿನ್ನುವ ಜನರೂ ಗಟ್ಟಿಮುಟ್ಟಾಗಿಯೇ ಇದ್ದಾರಲ್ಲ, ದೇವಗ್ರಂಥ ವೈದ್ಯಗ್ರಂಥವಲ್ಲ, ಈ ನಿಯಮಗಳು ಆತ್ಮದ ಆರೋಗ್ಯಕ್ಕೆ ಎಂಬುದು ಅವರ ವಾದ.

ನನಗೆ ಅಬ್ರವನೆಲ್ ಹೇಳಿದ್ದು ಸರಿ ಎನಿಸುತ್ತದೆ. ಹುಳುವಿಗೆ ಹೆದರಿ ಹಂದಿ ಬಿಡುವವನು ನಾಳೆ ಪ್ರಯೋಗಾಲಯದಲ್ಲಿ ಹುಳುವಿಲ್ಲದ ಮಾಂಸ ಬಂದರೆ ಏನು ಮಾಡುತ್ತಾನೆ? ಹರಾಮ್ ಆದದ್ದು ಅಲ್ಲಾಹನು ಬೇಡವೆಂದದ್ದರಿಂದ ಹರಾಮ್. ಅದರಲ್ಲಿ ಹಿತ ಇದ್ದರೆ ಅದು ಅವನ ಕೃಪೆ. ಇದನ್ನು ಒಪ್ಪಿಕೊಂಡರೆ ಇನ್ನೊಂದು ಸತ್ಯವನ್ನೂ ಒಪ್ಪಬೇಕಾಗುತ್ತದೆ. ಹಲಾಲ್ ಎಂಬುದು ತಾನಾಗಿಯೇ ಸ್ವಚ್ಛತೆಯ ಗ್ಯಾರಂಟಿ ಅಲ್ಲ. ಸ್ವಚ್ಛತೆಗೆ ಅಲ್ಲಾಹನು ಪ್ರತ್ಯೇಕ ಪದವನ್ನೇ ಕೊಟ್ಟಿದ್ದಾನೆ, ಅದರ ಹೊಣೆ ನಮ್ಮ ಕೈಯ ಮೇಲಿದೆ. ಬಿಸ್ಮಿಲ್ಲಾ ಹೇಳುವುದರಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅಲ್ಲಾಹನ ಹೆಸರು ಹೇಳಿದವನು ಪಾತ್ರೆ ಮುಚ್ಚಬೇಕು, ಕೈ ತೊಳೆಯಬೇಕು. ಪಾತ್ರೆಗಳನ್ನು ಮುಚ್ಚಿಡಿ ಎಂದು ಪ್ರವಾದಿ(ಸ)ರೇ ಆದೇಶಿಸಿದ್ದಾರೆ.

ವೈದ್ಯರಾಗಿ ಇಬ್ನ್ ಮೈಮೂನ್ ಹೇಳಿದ ಒಂದು ಮಾತು ಮಾತ್ರ ನಮ್ಮ ಸುನ್ನತ್ತಿಗೆ ಹತ್ತಿರದ್ದು. ಹಸಿದಾಗ ಮಾತ್ರ ಉಣ್ಣು, ಹೊಟ್ಟೆಯ ಕಾಲು ಭಾಗ ಖಾಲಿ ಇರುವಾಗಲೇ ಏಳು ಎಂಬುದು ಅವರ ಸಲಹೆಯ ಸಾರ. ಹೊಟ್ಟೆಯಲ್ಲಿ ಮೂರನೆಯ ಒಂದು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂದು ಪ್ರವಾದಿ(ಸ)ರು ಅದಕ್ಕೂ ಐದು ಶತಮಾನ ಮೊದಲೇ ಕಲಿಸಿದ್ದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮನೆಮನೆಗೂ ಬಂದಿರುವ ಈ ಕಾಲದಲ್ಲಿ ನಮ್ಮ ಮದುವೆಯ ತಟ್ಟೆಗಳನ್ನು ನೋಡಿದವರು ಈ ಹದೀಸ್ ನಮ್ಮದೆಂದು ನಂಬಲಾರರು.

ನಮ್ಮ ಊರುಗಳ ಸ್ಥಿತಿ

ಈಗ ಚೋರನೂರಿಗೆ ಮರಳೋಣ. ಸಂಡೂರು ತಾಲ್ಲೂಕಿನ ಈ ಭಾಗ ಮಳೆಯಾಶ್ರಿತ ಬೇಸಾಯದ್ದು, ಕುರಿ ಸಾಕಣೆಯದ್ದು. ಇಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು, ಕಾಯಿಲೆ ಬಿದ್ದ ಕುರಿ. ಹಟ್ಟಿಯಲ್ಲಿ ಕುರಿ ನರಳುತ್ತಾ ಬಿದ್ದಾಗ "ಉಸಿರು ಹೋಗೋದ್ರೊಳಗ ಕೊಯ್ದುಬಿಡ್ರಿ, ಹಲಾಲ್ ಆಗ್ತೈತಿ" ಎಂಬ ಮಾತು ಕೇಳಿಬರುತ್ತದೆ. ಅಗ್ಗಕ್ಕೆ ಸಿಗುವ ಮಾಂಸ ಬಡವರ ಮನೆಗೇ ಹೋಗುತ್ತದೆ. ಫಿಕ್ಹ್‌ನ ಲೆಕ್ಕದಲ್ಲಿ ಜೀವವಿದ್ದಾಗ ಕೊಯ್ದದ್ದು ಹಲಾಲ್ ಇರಬಹುದು. ಅದು ತಯ್ಯಿಬ್ ಹೇಗಾದೀತು? ಕುರಿಗೆ ಆಂಥ್ರಾಕ್ಸ್ ತಗುಲಿದ್ದರೆ ಕೊಯ್ದವನಿಗೆ, ಚರ್ಮ ಸುಲಿದವನಿಗೆ, ತಿಂದವನಿಗೆ ಎಲ್ಲರಿಗೂ ಪ್ರಾಣಾಪಾಯ. ಹಾಗೆ ದಿಢೀರನೆ ಸತ್ತ ಅಥವಾ ಸಾಯುತ್ತಿರುವ ಪ್ರಾಣಿಯನ್ನು ಕೊಯ್ಯದೆ ಪಶುವೈದ್ಯರನ್ನು ಕರೆಯಬೇಕು. ಸತ್ತದ್ದನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಮರಿ ಹಾಕುವಾಗ ಬರಿಗೈಯಲ್ಲಿ ಮಾಸು ಮುಟ್ಟುವುದರಿಂದಲೂ ಹಸಿ ಹಾಲು ಕುಡಿಯುವುದರಿಂದಲೂ ಬ್ರುಸೆಲ್ಲೋಸಿಸ್ ಬರುತ್ತದೆ. ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಇದ್ದ ಕುರಿಗಾರರು ವೈದ್ಯರಿಗೆ ತಮ್ಮ ಕಸುಬನ್ನು ತಪ್ಪದೆ ಹೇಳಬೇಕು.

ಎರಡನೆಯದು, ಎಸೆಯುವ ಅಂಗಗಳು. ಯಹೂದಿ ತಪಾಸಕ ಶ್ವಾಸಕೋಶವನ್ನು ಕೈಯಲ್ಲಿ ಹಿಡಿದು ನೋಡುವುದನ್ನು ಮೇಲೆ ಹೇಳಿದೆ. ನಮ್ಮ ಅಂಗಡಿಗಳಲ್ಲಿ ಶ್ವಾಸಕೋಶ, ಯಕೃತ್ತಿನಲ್ಲಿ ನೀರುಗುಳ್ಳೆ ಕಂಡರೆ ಅದನ್ನು ಕತ್ತರಿಸಿ ಬೀದಿನಾಯಿಗೆ ಎಸೆಯುತ್ತಾರೆ. ಗುಳ್ಳೆಯೊಳಗಿನ ಮರಿಹುಳು ನಾಯಿಯ ಕರುಳಲ್ಲಿ ಲಾಡಿಹುಳುವಾಗಿ ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದೊಂದಿಗೆ ಮಣ್ಣಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಬರುತ್ತದೆ. ಮುಂದೆ ಮನುಷ್ಯನ ಯಕೃತ್ತಿನಲ್ಲೂ ಶ್ವಾಸಕೋಶದಲ್ಲೂ ಅದೇ ನೀರುಗುಳ್ಳೆ ಏಳುತ್ತದೆ. ಹಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಆ ಒಂದು ತುಂಡನ್ನು ನಾಯಿಗೆ ಎಸೆಯದೆ ಸುಟ್ಟರೆ ಅಥವಾ ಆಳವಾಗಿ ಹೂತರೆ ಈ ಸರಪಳಿ ತುಂಡಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಗುಂಡಿ ಅಷ್ಟೇ.

ಮೂರನೆಯದು, ಅಂಗಡಿ. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ರಸ್ತೆಗಳ ಪಕ್ಕದಲ್ಲಿ ನೇತುಹಾಕಿದ ಮಾಂಸದ ಮೇಲೆ ಕೆಂಧೂಳು ಕೂರುತ್ತದೆ, ನೊಣ ಕೂರುತ್ತದೆ. ಕೊಚ್ಚುವ ಮರದ ದಿಮ್ಮಿಯ ಬಿರುಕುಗಳಲ್ಲಿ ನಿನ್ನೆಯ ರಕ್ತ ಉಳಿದಿರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಚಿಕ್ಕ ಮಾಂಸದಂಗಡಿಗೂ ನೋಂದಣಿ ಬೇಕು, ಸ್ವಚ್ಛತೆಯ ನಿಯಮ ಪಾಲನೆ ಬೇಕು. ಕಾಯ್ದೆಗಿಂತ ಮೊದಲು ನಮಗೆ ದೀನ್ ಇತ್ತು. ಕತ್ತಿ ಹರಿತ ಮಾಡಿ, ಪ್ರಾಣಿಗೆ ನೆಮ್ಮದಿ ಕೊಡಿ ಎಂದು ಪ್ರವಾದಿ(ಸ)ರು ಬೋಧಿಸಿದರು. ಪ್ರಾಣಿಯ ಕಣ್ಣೆದುರಿಗೇ ಕತ್ತಿ ಮಸೆಯುವವನನ್ನು ಅವರು ಆಕ್ಷೇಪಿಸಿದರು. ಸಂತೆಯ ಮುಂಜಾನೆ ಒಂದರ ಮುಂದೆ ಇನ್ನೊಂದನ್ನು, ಮೊಂಡು ಕತ್ತಿಯಿಂದ, ಅವಸರದಲ್ಲಿ ಕೊಯ್ಯುವಾಗ ನಾವು ಯಾರ ಸುನ್ನತ್ ಪಾಲಿಸುತ್ತಿದ್ದೇವೆ?

ಇದರಲ್ಲಿ ನಮ್ಮ ಮಾನದ ಪ್ರಶ್ನೆಯೂ ಇದೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹಿಂದೂ ಬಾಂಧವರ ಮನೆಯ ಕುರಿಯನ್ನೂ ಊರ ಮುಲ್ಲಾ ಸಾಹೇಬರೇ ಕೊಯ್ದುಕೊಡುವ ರೂಢಿ ತಲೆಮಾರುಗಳಿಂದ ಇದೆ. ಅದು ಕತ್ತಿ ಹಿಡಿದ ಕೈಯ ಮೇಲೆ ನೆರೆಯವರು ಇಟ್ಟ ನಂಬಿಕೆ, ಒಂದು ಅಮಾನತ್. 2022ರ ಯುಗಾದಿ, ಹೊಸತೊಡಕಿನ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸುವ ಕೂಗೆದ್ದಾಗ ನಾವೆಲ್ಲ ಹಲಾಲ್ ಎಂದರೆ ಸ್ವಚ್ಛ, ಆರೋಗ್ಯಕರ ಎಂದು ವಾದಿಸಿದೆವು. ಬಡ ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆಯುವ ಆ ಕೂಗು ಅನ್ಯಾಯದ್ದೇ. ಆದರೆ ಅಂದು ನಾವು ಜಗತ್ತಿಗೆ ಹೇಳಿದ ಮಾತನ್ನು ನಮ್ಮ ಅಂಗಡಿಯ ಹಿಂಬದಿಯ ಚರಂಡಿ ಇಂದು ಸುಳ್ಳು ಮಾಡಬಾರದು.

ಮುದ್ರೆ ಸಾಲದು

ಯಹೂದಿಗಳೆಲ್ಲ ಈ ಪರೀಕ್ಷೆಯಲ್ಲಿ ಗೆದ್ದವರು ಎಂದು ನಾನು ಹೇಳುತ್ತಿಲ್ಲ. ಅವರ ಸೋಲೂ ನಮಗೆ ಪಾಠವೇ. ಅಮೆರಿಕದ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಊರಿನಲ್ಲಿ ದೊಡ್ಡದೊಂದು ಕೋಶರ್ ಕಸಾಯಿಖಾನೆ ಇತ್ತು. 2008ರ ಮೇ ತಿಂಗಳಲ್ಲಿ ಸರಕಾರ ಅಲ್ಲಿ ದಾಳಿ ಮಾಡಿ ದಾಖಲೆಯಿಲ್ಲದ 389 ವಲಸೆ ಕಾರ್ಮಿಕರನ್ನು ಬಂಧಿಸಿತು. ಅಪ್ರಾಪ್ತ ವಯಸ್ಸಿನವರ ದುಡಿಮೆ, ಕಾರ್ಮಿಕರ ಶೋಷಣೆಯ ಆರೋಪಗಳು ಹೊರಬಂದವು. ಮಾಂಸದ ಮೇಲೆ ಕೋಶರ್ ಮುದ್ರೆ ಇದ್ದೇ ಇತ್ತು. ಕೊಯ್ದ ಕತ್ತಿಯಲ್ಲಿ ಮುಕ್ಕಿಲ್ಲದಿದ್ದರೂ ದುಡಿದ ಕೈಗೆ ನ್ಯಾಯ ಸಿಗದಿದ್ದರೆ ಅದು ಯೋಗ್ಯ ಆಹಾರವೇ ಎಂದು ಆಗ ಯಹೂದಿಗಳೇ ತಮ್ಮನ್ನು ಕೇಳಿಕೊಂಡರು. ಹತ್ತೊಂಬತ್ತನೆಯ ಶತಮಾನದ ಲಿಥುವೇನಿಯಾದ ಇಸ್ರಾಯೇಲ್ ಸಲಾಂತರ್ ಎಂಬ ಧರ್ಮಗುರುವಿನ ಬಗ್ಗೆ ಅವರಲ್ಲೊಂದು ಕಥೆಯಿದೆ. ಹಬ್ಬದ ಹುಳಿಯಿಲ್ಲದ ರೊಟ್ಟಿ ತಯಾರಾಗುವಾಗ ಯಾವ ನಿಯಮದ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕೆಂದು ಶಿಷ್ಯರು ಕೇಳಿದರಂತೆ. ಹಿಟ್ಟು ನಾದುವ ಹೆಂಗಸು ವಿಧವೆ, ಅವಳನ್ನು ಗದರಿಸಿ ಅವಸರಪಡಿಸದಂತೆ ನೋಡಿಕೊಳ್ಳಿ ಎಂದರಂತೆ ಅವರು.

ನಮ್ಮ ಮದುವೆಗಳಲ್ಲಿ ಬಿಸಿಲಲ್ಲಿ ಕುಳಿತು ಬೋಟಿ ತೊಳೆಯುವ ಹೆಂಗಸರು, ರಾತ್ರಿಯಿಡೀ ಒಲೆಯ ಮುಂದೆ ಬೇಯುವ ಬಾವರ್ಚಿಯ ಹುಡುಗರು, ಎಲ್ಲರೂ ಉಂಡ ಮೇಲೆ ದೇಗ್ ತಿಕ್ಕುವವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ? ಅವರ ಕೂಲಿ ಅಂದೇ ಸಿಗುತ್ತದೆಯೇ? ಆಕಾಶಕ್ಕೆ ಕೈಯೆತ್ತಿ ಯಾ ರಬ್ ಎಂದು ಮೊರೆಯಿಡುವವನ ಅನ್ನ, ನೀರು, ಬಟ್ಟೆಯೇ ಹರಾಮ್‌ನದ್ದಾದರೆ ಅವನ ದುಆ ಹೇಗೆ ಸ್ವೀಕೃತವಾದೀತು ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದು ಕುರಿಯ ಕುತ್ತಿಗೆಯ ಬಗ್ಗೆ ಮಾತ್ರವಲ್ಲ, ಗಳಿಕೆಯ ಬಗ್ಗೆಯೂ ಹೌದು.

ಹಾಗಾದರೆ ಏನು ಮಾಡೋಣ? ಮದುವೆ ಮನೆಯವರು ಊಟದ ಹೊತ್ತು ನಿಗದಿಪಡಿಸಿ, ಅದಕ್ಕೆ ಒಂದೆರಡು ಗಂಟೆ ಮೊದಲು ಮಾತ್ರ ದೇಗ್ ಇಳಿಸಲಿ. ಬೀಗರು ತಡವಾದರೆ ಬಂದವರಿಗೆ ಮೊದಲು ಬಡಿಸಲಿ, ಅದರಲ್ಲಿ ಅವಮಾನವೇನಿಲ್ಲ. ಇಳಿಸಿದ ಅನ್ನವನ್ನು ಕೆಂಡದ ಮೇಲೆ ಬಿಸಿಯಾಗಿ, ಮುಚ್ಚಿ ಇಡಲಿ. ಕೈ ತೊಳೆಯಲು ನೀರಿನ ಜೊತೆ ಸಾಬೂನೂ ಇರಲಿ. ಉಳಿಯುವ ಲಕ್ಷಣ ಕಂಡರೆ ಸಂಜೆಯವರೆಗೆ ಕಾಯದೆ ಬಿಸಿ ಇರುವಾಗಲೇ ಊರಿನ ಬಡವರಿಗೆ, ಯಾವ ಜಾತಿಯವರಾದರೂ ಸರಿ, ಹಂಚಲಿ. ಹಳಸಿದ ಮೇಲೆ ಕೊಡುವುದು ಸದಖಾ ಅಲ್ಲ. ಯಾರಿಗಾದರೂ ವಾಂತಿ, ಭೇದಿಯಾದರೆ ಆಸ್ಪತ್ರೆಗೆ ಹೋಗುವವರೆಗೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ.

ಮಸೀದಿ ಕಮಿಟಿಯವರು ವರ್ಷಕ್ಕೆ ಒಂದು ಜುಮಾ ಖುತ್ಬಾವನ್ನು ತಯ್ಯಿಬ್ ಎಂಬ ಪದಕ್ಕೆ ಮೀಸಲಿಡಲಿ. ಬಕ್ರೀದ್‌ಗೆ ವಾರ ಮೊದಲು ಕೊಯ್ಯುವವರನ್ನು ಕೂಡಿಸಿ ಕತ್ತಿ, ಜಾಗ, ಗುಂಡಿ, ನೀರಿನ ವ್ಯವಸ್ಥೆ ಮಾತಾಡಲಿ. ಆ ಸಭೆಗೆ ಪಶುವೈದ್ಯರನ್ನೂ ಕರೆಯಲಿ. ಮಾಂಸವಾಗಲೀ ರಕ್ತವಾಗಲೀ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ತಖ್ವಾ ಮಾತ್ರ ಎಂದು ಸೂರಃ ಅಲ್ ಹಜ್ಜ್ ಹೇಳುತ್ತದೆ. ಆ ತಖ್ವಾ ಕತ್ತಿಯ ಅಂಚಿನಲ್ಲಿ, ತೊಳೆದ ದಿಮ್ಮಿಯಲ್ಲಿ, ಮುಚ್ಚಿದ ದೇಗ್‌ನಲ್ಲಿ ಕಾಣಬೇಕು.

ಕೊಂಕಣದ ಆ ಹೆಂಗಸರಿಗೆ ಓದಲು ಗ್ರಂಥ ಇರಲಿಲ್ಲ. ಆದರೂ ಮೀನಿನ ಬುಟ್ಟಿಯ ಮುಂದೆ ಅವರು ಒಂದು ಕ್ಷಣ ನಿಂತು ಆರಿಸಿದರು. ನಮ್ಮ ಮನೆಮನೆಯಲ್ಲಿ ಕುರ್‌ಆನ್ ಇದೆ. ಅಂದು ಖಾಲಾ ಕೇಳಿದಾಗ ನಾನು ಉತ್ತರ ಹೇಳದೆ ಸುಮ್ಮನಿದ್ದೆ. ಇಂದು ಹೇಳುತ್ತೇನೆ: ಖಾಲಾ, ಕುರಿ ಹಲಾಲ್ ಆಗಿತ್ತು. ಅಲ್ಲಾಹನು ಕೊಟ್ಟ ಅನ್ನ ಶುದ್ಧವಾಗಿಯೇ ಇತ್ತು. ಅದನ್ನು ಉಣ್ಣುವ ಹೊತ್ತಿನವರೆಗೆ ತಯ್ಯಿಬ್ ಆಗಿ ಕಾಪಾಡುವ ಕೆಲಸ ನಮ್ಮದಾಗಿತ್ತು, ಅದನ್ನು ನಾವು ಮಾಡಲಿಲ್ಲ.

ಎರಡೂ ಪದಗಳನ್ನು ಒಟ್ಟಿಗೆ ಪಾಲಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.